ಕೆಸರುಗದ್ದೆಯಿಂದ ಕಂಡ ಕಲ್ಕತ್ತಾ ಕಪ್

ಆಷಾಢದ ಜಡಿಮಳೆಯಲ್ಲಿ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ನೀರು ಕಾಣುತ್ತದೆ, ಹಸಿರು ಕಾಣುತ್ತದೆ, ಮಂಜು ಸರಿದಾಗ ಒಂದರ ಹಿಂದೊಂದು ಗುಡ್ಡ ಕಾಣುತ್ತದೆ. ಕಾಣದಿರುವುದು ಸಮತಟ್ಟಾದ ನೆಲ. ಕಣಿವೆಯ ತಳದ ನೆಲವೆಲ್ಲ ಅಡಿಕೆ ತೋಟಕ್ಕೂ ಬತ್ತದ ಗದ್ದೆಗೂ ಹೋಯಿತು. ಅದರ ಮೇಲಿನ ಅಂಚು ಮನೆ, ಕೊಟ್ಟಿಗೆ, ಅಂಗಳಕ್ಕಾಯಿತು. ಅದಕ್ಕೂ ಮೇಲೆ ಸೊಪ್ಪಿನ ಬೆಟ್ಟ. ಇನ್ನು ಶಾಲೆಗೆ ಉಳಿದದ್ದು ಗುಡ್ಡದ ನೆತ್ತಿ, ಇಲ್ಲವೇ ದರೆ ಕಡಿದು ಮಾಡಿದ ಅರ್ಧ ಎಕರೆ. ಅಲ್ಲಿ ಚೆಂಡು ಅಂಚು ದಾಟಿತೆಂದರೆ ಅದನ್ನು ಹುಡುಕಬೇಕಾದದ್ದು ಮೈದಾನದಲ್ಲಲ್ಲ, ಕೆಳಗಿನ ತೋಟದ ಹಳ್ಳದಲ್ಲಿ.

ಇದರ ಮೇಲೆ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೆ ಪೈಪೋಟಿ ಕೊಡುತ್ತದೆ. ವಿಚಿತ್ರವೆಂದರೆ ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ಬಹುಮಟ್ಟಿಗೆ ಈ ಮಳೆಗಾಲದಲ್ಲೇ ಬರುತ್ತವೆ. ಬೆಳಿಗ್ಗೆ ದೈಹಿಕ ಶಿಕ್ಷಕರು ಎಳೆದ ಕಬಡ್ಡಿ ಅಂಕಣದ ಗೆರೆ ಮೊದಲ ಪಂದ್ಯ ಮುಗಿಯುವ ಮೊದಲೇ ಅಳಿಸಿಹೋಗಿರುತ್ತದೆ. ಗೆರೆ ಇಲ್ಲದ ಮೇಲೆ ಔಟಾದವನು ಯಾರು? ಅಲ್ಲಿಂದ ವಾದ ಶುರು. ಗೆರೆ, ನಿಯಮ, ವಾದ, ಕೆಸರು ಈ ನಾಲ್ಕನ್ನೂ ಒಟ್ಟಿಗೆ ನೋಡಿದವರಿಗೆ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹುಟ್ಟಿದ ಒಂದು ಪಂದ್ಯಾವಳಿಯ ಕಥೆ ಅಷ್ಟೇನೂ ದೂರದ್ದೆನಿಸುವುದಿಲ್ಲ.

ಅದು ರಗ್ಬಿ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಓಡುವವನನ್ನು ಸೊಂಟಕ್ಕೆ ಹಿಡಿದು ಕೆಡಹುವ ಆಟ. ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಅದು ಆಡುವ ಆಟವಲ್ಲ. ಆದರೆ ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕವನು ಗೆರೆಯತ್ತ ಕೈಚಾಚಿ ಒದ್ದಾಡುವುದನ್ನು ಕಂಡ ಮಕ್ಕಳಿಗೆ ರಗ್ಬಿಯ ಅರ್ಧ ಆಟ ಆಗಲೇ ಗೊತ್ತು. ಅಲ್ಲೂ ಎಲ್ಲ ಹೋರಾಟ ಗೆರೆಯಾಚೆಗೆ ಕೈ ಮುಟ್ಟಿಸುವುದಕ್ಕಾಗಿಯೇ. ಕೈಯ ಜೊತೆಗೆ ಒಂದು ಚೆಂಡು ಇರುತ್ತದೆ, ಅಷ್ಟೇ.

1882ರ ಡಿಸೆಂಬರ್ 16ರಂದು ವೇಲ್ಸಿನ ಸ್ವಾನ್‌ಸಿ ಪಟ್ಟಣದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೆಣಸಿದವು. 1883ರ ಜನವರಿಯಲ್ಲಿ ಸ್ಕಾಟ್ಲೆಂಡ್ ವೇಲ್ಸನ್ನು ಎಡಿನ್‌ಬರೋದಲ್ಲಿ ಎದುರಿಸಿತು. ಫೆಬ್ರವರಿಯಲ್ಲಿ ಐರ್ಲೆಂಡಿನ ಸರದಿ. ಅದು ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡಿಗೂ ಬೆಲ್‌ಫಾಸ್ಟಿನಲ್ಲಿ ಸ್ಕಾಟ್ಲೆಂಡಿಗೂ ಸೋತಿತು. ಮಾರ್ಚ್ 3ರಂದು ಎಡಿನ್‌ಬರೋದ ರೇಬರ್ನ್ ಪ್ಲೇಸ್ ಮೈದಾನದಲ್ಲಿ ಇಂಗ್ಲೆಂಡ್ ಸ್ಕಾಟ್ಲೆಂಡನ್ನು ಸೋಲಿಸಿ ಮೂರಕ್ಕೆ ಮೂರೂ ಗೆದ್ದಿತು. ವೇಲ್ಸ್ ಮತ್ತು ಐರ್ಲೆಂಡ್ ಆ ವರ್ಷ ಮುಖಾಮುಖಿ ಆಗಲೇ ಇಲ್ಲ. ಹೀಗಾಗಿ ಒಟ್ಟು ನಡೆದದ್ದು ಐದೇ ಪಂದ್ಯ. ಇದೇ ಜಗತ್ತಿನ ಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯಾವಳಿ ಎಂದು ಇಂದು ಪುಸ್ತಕಗಳಲ್ಲಿದೆ. ಸ್ವಾರಸ್ಯವೆಂದರೆ ಆಡಿದವರಿಗೆ ತಾವು ಪಂದ್ಯಾವಳಿಯೊಂದರಲ್ಲಿ ಆಡುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ! ಪಟ್ಟಿಯಿಲ್ಲ, ಅಂಕವಿಲ್ಲ, ಬಹುಮಾನವಿಲ್ಲ. ವರ್ಷವರ್ಷವೂ ಇವೇ ನಾಲ್ಕು ನಾಡುಗಳು ಆಡತೊಡಗಿದ ಮೇಲೆ ಪತ್ರಿಕೆಗಳವರೂ ಚರಿತ್ರೆಕಾರರೂ ಹಿಂದಿರುಗಿ ನೋಡಿ ಹೆಸರಿಟ್ಟರು. ಇದೇ ಬೆಳೆದು, ಫ್ರಾನ್ಸ್ ಸೇರಿ ಐದು ರಾಷ್ಟ್ರಗಳ, 2000ದಲ್ಲಿ ಇಟಲಿ ಸೇರಿ ಆರು ರಾಷ್ಟ್ರಗಳ ಪಂದ್ಯಾವಳಿಯಾಯಿತು. ಗೆದ್ದವರಿಗೊಂದು ಟ್ರೋಫಿ ಕೊಡುವ ಯೋಚನೆ ಕೈಗೂಡಿದ್ದು 1993ರಲ್ಲಿ, ಅಂದರೆ 110 ವರ್ಷಗಳ ನಂತರ.

ಆಗಿನ ಲೆಕ್ಕದ ಕ್ರಮವೂ ಬೇರೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದಕ್ಕೆ 'ಟ್ರೈ' ಎಂದು ಹೆಸರು. ಟ್ರೈ ಎಂದರೆ ಪ್ರಯತ್ನ. ಮುಟ್ಟಿಸಿದ್ದಕ್ಕೆ ಸಿಗುತ್ತಿದ್ದುದು ಅಂಕವಲ್ಲ, ಕಂಬಗಳ ನಡುವೆ ಚೆಂಡನ್ನು ಒದೆಯಲು ಒಂದು ಪ್ರಯತ್ನದ ಹಕ್ಕು ಮಾತ್ರ. ಆ ಒದೆತ ಗುರಿ ಸೇರಿದರಷ್ಟೇ ಗೋಲು. ಇಂದಿನ ರಗ್ಬಿಯಲ್ಲಿ ಟ್ರೈಗೇ ಐದು ಅಂಕ, ನಂತರದ ಒದೆತಕ್ಕೆ ಎರಡು. ಬೆಲೆ ತಿರುಗುಮುರುಗಾಯಿತು, ಹಳೆಯ ಹೆಸರು ಮಾತ್ರ ಉಳಿದುಕೊಂಡಿತು.

ಸಾಗರದ ಊರಹೆಸರಿನ ಮೂಲ ಒಂದು ಕೆರೆ. ಕೆಳದಿಯ ಸದಾಶಿವ ನಾಯಕ ಕಟ್ಟಿಸಿದ ಸದಾಶಿವ ಸಾಗರ. ಊರಿನಿಂದ ಸ್ವಲ್ಪವೇ ದೂರದಲ್ಲಿ ಇಕ್ಕೇರಿ. 1639ರ ಸುಮಾರಿಗೆ ರಾಜಧಾನಿ ಬಿದನೂರಿಗೆ ಹೋಗುವವರೆಗೆ ಕೆಳದಿ ಅರಸರ ಆಳ್ವಿಕೆ ಇಲ್ಲಿಂದಲೇ. ಅಘೋರೇಶ್ವರ ದೇವಾಲಯದ ಎತ್ತರದ ಕಲ್ಲುಗೋಡೆ ನೋಡಿಕೊಂಡು ಮರಳುವ ಪ್ರವಾಸಿಗರು ಇಕ್ಕೇರಿಯ ಇನ್ನೊಂದು ಕೀರ್ತಿಯನ್ನು ಮರೆಯುತ್ತಾರೆ. ಅದು ಇಕ್ಕೇರಿ ವರಹ. ಶಿವ ಪಾರ್ವತಿಯರ ಮುದ್ರೆಯ ಆ ಪುಟ್ಟ ಚಿನ್ನದ ನಾಣ್ಯಕ್ಕೆ ಎಷ್ಟು ಬೆಲೆಯಿತ್ತೆಂದರೆ, 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ತನ್ನ ಹೊನ್ನಿನ ಮೇಲೂ ಅದೇ ಶಿವ ಪಾರ್ವತಿಯರನ್ನು ಉಳಿಸಿಕೊಂಡ. ರಾಜ್ಯ ಹೋದರೂ ನಾಣ್ಯದ ನಂಬಿಕೆ ಹೋಗಲಿಲ್ಲ. ನಾಣ್ಯ ಕರಗಿಸುವುದೆಂದರೆ ಆ ನಂಬಿಕೆಯನ್ನು ಬರಿಯ ಲೋಹವಾಗಿಸುವುದು. ಹಾಗೆ ಕರಗಿಸಿದ ರೂಪಾಯಿಗಳ ಕಥೆಯೊಂದು ರಗ್ಬಿಗೂ ಸೇರಿದೆ.

1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿ ಒಂದು ಕಡೆ ಇಂಗ್ಲೆಂಡಿನವರು, ಇನ್ನೊಂದು ಕಡೆ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್‌ಗಳವರು, ತಲಾ 20 ಮಂದಿಯಂತೆ ರಗ್ಬಿ ಆಡಿದರು. ನಾಲ್ಕೂ ನಾಡುಗಳ ಹೆಸರು ಹೊತ್ತ ಆಟವೊಂದು, ಆ ಪಂದ್ಯಾವಳಿಗೆ ಹತ್ತು ವರ್ಷ ಮೊದಲೇ, ಭಾರತದ ನೆಲದಲ್ಲಿ ನಡೆದಿತ್ತು. ಮರುತಿಂಗಳೇ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಆದರೆ ಬಂಗಾಳದ ಸೆಕೆಯಲ್ಲಿ ಈ ಆಟ ಬಹಳ ದಿನ ಬಾಳಲಿಲ್ಲ. ಆಡುತ್ತಿದ್ದ ಸೈನಿಕ ದಳ ಬೇರೆಡೆಗೆ ಹೋಯಿತು, ಉಳಿದವರಿಗೆ ಪೋಲೊ ಮತ್ತು ಟೆನಿಸ್ ಹಿತವೆನಿಸಿತು. ಕ್ಲಬ್ಬನ್ನು ಮುಚ್ಚುವಾಗ ಖಾತೆಯಲ್ಲಿ ಉಳಿದಿದ್ದ ಹಣವನ್ನೇನು ಮಾಡುವುದು? ಕಾರ್ಯದರ್ಶಿ ರಾಥ್ನಿ 1877ರ ಡಿಸೆಂಬರ್‌ನಲ್ಲಿ ಲಂಡನ್ನಿನ ರಗ್ಬಿ ಯೂನಿಯನ್ನಿಗೆ ಪತ್ರ ಬರೆದು, ಆ ಹಣದಲ್ಲಿ ಭಾರತೀಯ ಕೆಲಸಗಾರಿಕೆಯ ಒಂದು ಬೆಳ್ಳಿ ಬಟ್ಟಲು ಮಾಡಿಸಿ ಕಳಿಸುವುದಾಗಿ ಸೂಚಿಸಿದ. 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಕಪ್ ಮಾಡಿಸಿದರು. ಆಗಿನ ರೂಪಾಯಿ ಒಂದರ ತೂಕ 11.66 ಗ್ರಾಂ, ಅದರಲ್ಲಿ 12ರಲ್ಲಿ 11 ಪಾಲು ಶುದ್ಧ ಬೆಳ್ಳಿ. ಮನೆಯಲ್ಲಿ ಮಕ್ಕಳು ಗುಣಿಸಿ ನೋಡಬಹುದು: ಒಟ್ಟು ಮೂರು ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು ತೂಕ, ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 2.9 ಕಿಲೋಗ್ರಾಂ. ಮುಚ್ಚಳದ ಮೇಲೆ ಒಂದು ಆನೆ. ಹಿಡಿಕೆಗಳಾಗಿ ಮೂರು ಹಾವು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅದಕ್ಕಾಗಿ ಸೆಣಸುತ್ತಿವೆ. ಮೊದಲ ಪಂದ್ಯ ಸಮವಾಯಿತು. 1883ರ ಮಾರ್ಚಿನ ಆ ಪಂದ್ಯದಲ್ಲೂ ಪಣಕ್ಕಿದ್ದದ್ದು ಈ ಕಲ್ಕತ್ತಾ ಕಪ್ಪೇ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆ ಪತ್ರ ಬರೆದ 1877, ಮೈಸೂರು ಸೀಮೆಯ ಮಹಾ ಕ್ಷಾಮದ ವರ್ಷ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಬಯಲುಸೀಮೆಗೆ ಬಿದ್ದ ಪೆಟ್ಟು ಮಳೆಯ ಮಲೆನಾಡಿಗೆ ಅಷ್ಟಾಗಿ ಬೀಳಲಿಲ್ಲ. ಆಟವಾಡಿದ ಹುಡುಗರು ಕ್ಷಾಮ ತಂದವರಲ್ಲ, ನಿಜ. ಆದರೂ ಕಪ್ಪಿನ ಚಿತ್ರದ ಕೆಳಗೆ ಆ ವರ್ಷವನ್ನು ಬರೆಯುವಾಗ ವಿದ್ಯಾರ್ಥಿಗಳು ಎರಡು ಸಂಗತಿಗಳನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸಾಗರ ಬಿಟ್ಟು ಹೊಸನಗರದತ್ತ ಹೊರಟರೆ ಶರಾವತಿಯ ಕಥೆ ಜೊತೆಗೆ ಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರ ತಾಲ್ಲೂಕಿನ ಜೋಗದಲ್ಲಿ 830 ಅಡಿ ಧುಮುಕುವ ನದಿ ಇದು. ಪ್ರವಾಸಿ ಈ ದಾರಿಯಲ್ಲಿ ಹೋಗುವುದೆಂದರೆ ನದಿಯ ವಿರುದ್ಧ ದಿಕ್ಕಿನಲ್ಲಿ ಹೋದಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಗಳು ತುಂಬಿದವು. ಊರು, ಗದ್ದೆ, ದೇವಸ್ಥಾನಗಳು ಮುಳುಗಿದ್ದನ್ನು ಎಲ್ಲರೂ ಹೇಳುತ್ತಾರೆ. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿದ್ದನ್ನೂ ಹೇಳುತ್ತಾರೆ. ಅವುಗಳ ಜೊತೆ ಮುಳುಗಿದ ಇನ್ನೊಂದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ: ಮಲೆನಾಡಿನಲ್ಲಿ ಅಪರೂಪವಾದ ಸಮತಟ್ಟು ನೆಲ. ಸುಗ್ಗಿ ಕಳೆದ ಮೇಲೆ ಮಕ್ಕಳ ಆಟದ ಬಯಲಾಗುತ್ತಿದ್ದುದು ಅದೇ ಗದ್ದೆ ಬಯಲು. ಬೇಸಿಗೆಯ ಕೊನೆಗೆ ಹಿನ್ನೀರು ಸರಿದಾಗ ಹಸಿರು ಚಿಗುರಿದ ವಿಶಾಲ ಬಯಲು ಮತ್ತೆ ತೋರುತ್ತದೆ. ನೀರು ಬಹಳ ಇಳಿದ ವರ್ಷಗಳಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ತಲೆಯೆತ್ತುತ್ತದೆ. ಕೆಲವೇ ವಾರ, ಮುಂಗಾರು ಬಂದರೆ ಅದೂ ಮಾಯ.

ಹೊಸನಗರ ಹೆಸರಿಗೆ ತಕ್ಕಂತೆ ಹೊಸದು. ಕಲ್ಲೂರುಕಟ್ಟೆ ಎಂಬ ಹಳ್ಳಿಗೆ ತಾಲ್ಲೂಕು ಕಚೇರಿ ಬಂದು ಅದು ಹೊಸನಗರವಾಯಿತು. ಹಳೆಯದೇ ಬಿದನೂರು ಅಥವಾ ನಗರ. ಒಂದು ಕಾಲದಲ್ಲಿ ದೊಡ್ಡ ರಾಜಧಾನಿಯಾಗಿದ್ದ ಅಲ್ಲಿ ಈಗ ಕೋಟೆ, ಕೊಳ, ಮಳೆ, ಮೌನ. ಈ ಕಡೆಯ ಗುಡ್ಡಗಳಲ್ಲಿ ಅಲ್ಲಲ್ಲಿ ರಬ್ಬರ್ ತೋಟಗಳೂ ಕಾಣುತ್ತವೆ. ಕಾಂಡದ ಮೇಲೆ ಓರೆಯಾಗಿ ಗೀರಿದ ಗಾಯ, ಅದರ ಕೆಳಗೆ ಹಾಲು ತುಂಬುವ ಬಟ್ಟಲು, ಬಿಸಿಲು ಬಿದ್ದ ದಿನ ಹಗ್ಗದ ಮೇಲೆ ಬಟ್ಟೆಯಂತೆ ನೇತುಹಾಕಿದ ಹಾಳೆಗಳು. ರಗ್ಬಿ ಚೆಂಡಿನ ಆಕಾರದ ಗುಟ್ಟು ಅಡಗಿರುವುದು ಈ ಹಾಲಿನಲ್ಲೇ.

ರಬ್ಬರ್ ಬರುವ ಮುಂಚೆ ಚೆಂಡಿನೊಳಗೆ ಇರುತ್ತಿದ್ದುದು ಹಂದಿಯ ಮೂತ್ರಕೋಶ. ಅದರ ಮೇಲೆ ಚರ್ಮದ ಹೊದಿಕೆ. ಕೋಶದ ಆಕಾರ ಹೇಗೋ ಚೆಂಡಿನ ಆಕಾರವೂ ಹಾಗೆ, ಅರೆಗುಂಡು, ಅರೆಮೊಟ್ಟೆ. ರಗ್ಬಿ ಶಾಲೆಯ ಎದುರಿಗೇ ಅಂಗಡಿಯಿಟ್ಟಿದ್ದ ರಿಚರ್ಡ್ ಲಿಂಡನ್ ಎಂಬ ಚಮ್ಮಾರನ ಹೆಂಡತಿ ಈ ಕೋಶಗಳನ್ನು ಬಾಯಿಂದ ಊದುವ ಕೆಲಸ ಮಾಡುತ್ತಿದ್ದಳು. ರೋಗ ತಗುಲಿದ ಕೋಶಗಳನ್ನು ಊದಿ ಊದಿ ಶ್ವಾಸಕೋಶದ ಕಾಯಿಲೆ ಬಂದು ತೀರಿಕೊಂಡಳೆಂದು ಹೇಳುತ್ತಾರೆ. ಲಿಂಡನ್ ಬೇರೆ ದಾರಿ ಹುಡುಕಿದ. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರ್ ಸೆಕೆಗೆ ಅಂಟದೆ, ಚಳಿಗೆ ಸೆಡೆಯದೆ ಉಳಿಯುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡಿದ್ದ. ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಗಂಧಕ ಸೇತುವೆ ಕಟ್ಟುವುದೇ ಇದರ ಮರ್ಮ. ಆ ರಬ್ಬರಿನಿಂದ ಲಿಂಡನ್ 1862ರ ಹೊತ್ತಿಗೆ ಚೆಂಡಿನ ಒಳಚೀಲ ಮಾಡಿದ. ಅದನ್ನು ಊದಲು ಬಾಯಿಯ ಬಲ ಸಾಲದೆಂದು ಕಿವಿ ತೊಳೆಯುವ ಪಿಚಕಾರಿಯ ಮಾದರಿಯಲ್ಲಿ ಹಿತ್ತಾಳೆಯ ಪಂಪನ್ನೂ ಮಾಡಿದ. ಈಗ ಬೇಕಾದ ಆಕಾರ ಕೊಡಬಹುದಿತ್ತು. ಕಾಲಿನಿಂದ ಆಡುವವರಿಗೆ ಗುಂಡನೆಯ ಚೆಂಡು, ಅವುಚಿಕೊಂಡು ಓಡುವವರಿಗೆ ನೀಳವಾದ ಚೆಂಡು. ಲಿಂಡನ್ ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಲಾಭ ಪರರ ಪಾಲಾಯಿತು.

ಆ ಕಾಲದ ಉತ್ತಮ ರಬ್ಬರ್ ಬರುತ್ತಿದ್ದುದು ಬ್ರೆಜಿಲಿನ ಕಾಡಿನಿಂದ. 1876ರಲ್ಲಿ ಹೆನ್ರಿ ವಿಕ್‌ಹ್ಯಾಂ ಅಲ್ಲಿಂದ ಸುಮಾರು 70,000 ಬೀಜ ಸಾಗಿಸಿ ಲಂಡನ್ ಬಳಿಯ ಕ್ಯೂ ತೋಟಕ್ಕೆ ತಂದ. ಮೊಳೆತದ್ದು 2700ರ ಆಸುಪಾಸು. ಆ ಸಸಿಗಳು ಅದೇ ವರ್ಷ ಸಿಂಹಳಕ್ಕೆ ಬಂದವು. ಏಷ್ಯಾದ ರಬ್ಬರ್ ತೋಟಗಳೆಲ್ಲ ಬಹುಮಟ್ಟಿಗೆ ಅವುಗಳ ಸಂತಾನ. ನಗರದ ದಾರಿಯ ಗುಡ್ಡದ ಮೇಲೆ ನಿಂತ ಮರವೂ ಆ ವಂಶದ್ದೇ. ಗಣಿತ ಪುಸ್ತಕದ ಮರೆಯಲ್ಲಿ ಪೆನ್ಸಿಲ್ ಬರಹ ಅಳಿಸುವ ಹುಡುಗನಿಗೆ ಇದನ್ನು ಯಾರಾದರೂ ಹೇಳಬೇಕು.

ನಗರದಿಂದ ತೀರ್ಥಹಳ್ಳಿಯವರೆಗಿನ ದಾರಿ ಕಾಡು, ತಿರುವು. ಈ ದಾರಿಯ ಒಂಟಿ ಮನೆಗಳ ಹಿರಿಯರು ಒಂದು ಮಾತು ಹೇಳುವುದುಂಟು: ಚಿನ್ನಿದಾಂಡಿಗೆ ಊರಿಗೊಂದು ಕಾನೂನು. ಒಂದೂರಿನಲ್ಲಿ ನ್ಯಾಯವಾದದ್ದು ಹಳ್ಳ ದಾಟಿದರೆ ಅನ್ಯಾಯ. ಹೊರಗಿನಿಂದ ಬಂದ ನೆಂಟರ ಹುಡುಗ ಸೋತು ಅಳುತ್ತ ಬರುವುದು ಬಹುತೇಕ ಇದಕ್ಕೇ. 1884ರಲ್ಲಿ ಲಂಡನ್ನಿನ ಬ್ಲ್ಯಾಕ್‌ಹೀತ್‌ನಲ್ಲಿ ಆದದ್ದೂ ಇಷ್ಟೇ. ಸ್ಕಾಟ್ಲೆಂಡಿನ ಆಟಗಾರನೊಬ್ಬ ಚೆಂಡನ್ನು ಕೈಯಿಂದ ಹಿಂದಕ್ಕೆ ತಟ್ಟಿದ. ಅದು ಇಂಗ್ಲೆಂಡಿನವರಿಗೆ ಸಿಕ್ಕಿ ಟ್ರೈ ಆಯಿತು. "ಹಾಗೆ ತಟ್ಟುವುದು ನಮ್ಮ ನಿಯಮದಲ್ಲಿ ತಪ್ಪು, ಆಟ ಅಲ್ಲಿಗೇ ನಿಲ್ಲಬೇಕಿತ್ತು" ಎಂದು ಸ್ಕಾಟ್ಲೆಂಡಿನ ವಾದ. "ತಪ್ಪು ಮಾಡಿದವರು ನೀವು, ಅದರ ಲಾಭವೂ ನಿಮಗೇ ಬೇಕೇ?" ಎಂದು ಇಂಗ್ಲೆಂಡಿನ ವಾದ. ಪಂದ್ಯ ನಿಂತು, ವಾದ ಬೆಳೆದು, ಕಡೆಗೆ ಇಂಗ್ಲೆಂಡ್ ಗೆದ್ದಿತು. ಆದರೆ ಮರುವರ್ಷ ಎರಡು ನಾಡುಗಳ ನಡುವೆ ಆಟವೇ ನಡೆಯಲಿಲ್ಲ.

1886ರಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಸೇರಿ ಎಲ್ಲರಿಗೂ ಒಂದೇ ನಿಯಮ ಮಾಡುವ ಅಂತರರಾಷ್ಟ್ರೀಯ ಮಂಡಳಿಯನ್ನು ಕಟ್ಟಿದವು. ಆಟ ತನ್ನದೆಂದು ತಿಳಿದಿದ್ದ ಇಂಗ್ಲೆಂಡ್ ಸೇರಲು ಒಪ್ಪಲಿಲ್ಲ. 1888 ಮತ್ತು 1889ರಲ್ಲಿ ಅದಿಲ್ಲದೆಯೇ ಪಂದ್ಯಗಳು ನಡೆದವು. 1890ರಲ್ಲಿ ಮಧ್ಯಸ್ಥಿಕೆಯಾದ ಮೇಲೆ ಅದೂ ಸೇರಿತು. ಕಬಡ್ಡಿಯೂ ಇದೇ ದಾರಿಯಲ್ಲಿ ನಡೆಯಿತು. ಒಂದೊಂದು ಪ್ರಾಂತದಲ್ಲಿ ಹುತುತು, ಚಡುಗುಡು ಎಂದು ಒಂದೊಂದು ಹೆಸರು, ಒಂದೊಂದು ಕ್ರಮ ಇದ್ದ ಆಟಕ್ಕೆ ಮಹಾರಾಷ್ಟ್ರ, ಬರೋಡ ಕಡೆಯ ವ್ಯಾಯಾಮ ಶಾಲೆಗಳವರು 1920ರ ದಶಕದ ಆಸುಪಾಸಿನಲ್ಲಿ ನಿಯಮ ಬರೆದರು. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟಕ್ಕೆ ಅದು ಪದಕದ ಆಟವಾಗಿ ಹೋಗಲು ಸಾಧ್ಯವಾದದ್ದು ಆ ಬರಹದಿಂದ. ಶಾಲೆಯ ಮೈದಾನದಲ್ಲಿ ಅಳಿಸಿಹೋದ ಗೆರೆಗಾಗಿ ಜಗಳವಾದಾಗ ಸಿಟ್ಟಾಗುವ ಪಾಲಕರು ಸ್ವಲ್ಪ ತಾಳಬಹುದು. ನಿಯಮ ಹುಟ್ಟುವುದು ಅಂಥ ಜಗಳದಲ್ಲೇ.

ಪಾಲಕರ ಆತಂಕ ಬೇರೆ. ಎಂಟನೆಯ ತರಗತಿಗೆ ಬಂದರೆ ಸಾಕು, "ಆಟ ಆಮೇಲೆ, ಮೊದಲು ಮಾರ್ಕ್ಸು" ಎನ್ನುವ ಮಾತು ಅಡಿಕೆ ಸುಲಿಯುವ ಜಗುಲಿಯಲ್ಲೂ ಕೇಳುತ್ತದೆ, ಪೇಟೆಯ ಮನೆಯಲ್ಲೂ ಕೇಳುತ್ತದೆ. ಅದರಲ್ಲಿ ಅರ್ಥವಿಲ್ಲದಿಲ್ಲ. ತೋಟದ ಪಾಲು ಸಣ್ಣದಾಗಿದೆ, ಓದಿದವರಿಗೇ ಕೆಲಸ ಕಷ್ಟ. ಆದರೆ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟ ಮಾತ್ರಕ್ಕೆ ಗಣಿತ ಬಂದ ಉದಾಹರಣೆ ಕಡಿಮೆ. ಮೈದಾನದ ಕೊರತೆಯನ್ನು ಇಳಿಜಾರಿನ ಮೇಲೆ, ಮಳೆಯ ಮೇಲೆ ಹಾಕಬಹುದು. ಆಡಲು ಬಿಡದಿರುವುದನ್ನು ಯಾವ ಮಳೆಯ ಮೇಲೂ ಹಾಕುವಂತಿಲ್ಲ.

ತೀರ್ಥಹಳ್ಳಿ ತಾಲ್ಲೂಕಿಗೆ ಬಂದರೆ ಆ ಬೆಳ್ಳಿ ಬಟ್ಟಲಿನ ಅಲಂಕಾರ ಜೀವ ತಳೆದಂತಾಗುತ್ತದೆ. ಅದರ ಹಿಡಿಕೆಗಳಲ್ಲಿರುವ ಹಾವು ಕಾಳಿಂಗ ಸರ್ಪ. ಆಗುಂಬೆಯ ಕಾಡು ಅದರ ತವರು. ರೋಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಸಂಶೋಧನಾ ಕೇಂದ್ರ ಅಲ್ಲಿದೆ. 2024ರಲ್ಲಿ ವಿಜ್ಞಾನಿಗಳು, ಒಂದೇ ಎಂದು ತಿಳಿದಿದ್ದ ಕಾಳಿಂಗ ಸರ್ಪ ವಾಸ್ತವವಾಗಿ ನಾಲ್ಕು ಪ್ರಭೇದ ಎಂದು ತೋರಿಸಿಕೊಟ್ಟರು. ಪಶ್ಚಿಮ ಘಟ್ಟದ ಪ್ರಭೇದಕ್ಕೆ ಅವರಿಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ಕನ್ನಡದ ಮಾತೊಂದು ಜಗತ್ತಿನ ಜೀವಶಾಸ್ತ್ರ ಪುಸ್ತಕ ಸೇರಿತು. ಮುಚ್ಚಳದ ಆನೆಯನ್ನು ನೋಡಬೇಕೆಂದರೆ ತೀರ್ಥಹಳ್ಳಿಯಿಂದ ಶಿವಮೊಗ್ಗದ ದಾರಿಯಲ್ಲಿ ತುಂಗೆಯ ಹಿನ್ನೀರಿನ ದಂಡೆಯ ಸಕ್ರೆಬೈಲಿನಲ್ಲಿ ಇಳಿದರಾಯಿತು. ಲೋಹದ ಆನೆಗಿಂತ ಅವು ಸುಖವಾಗಿವೆ. 1988ರಲ್ಲಿ ಎಡಿನ್‌ಬರೋದಲ್ಲಿ ಪಂದ್ಯ ಮುಗಿದ ರಾತ್ರಿ ಎರಡೂ ತಂಡಗಳ ಒಬ್ಬೊಬ್ಬ ಆಟಗಾರರು ಕಪ್ಪನ್ನು ಬೀದಿಗೆ ಒಯ್ದು ಚೆಂಡಿನಂತೆ ಆಡಿ ನಜ್ಜುಗುಜ್ಜು ಮಾಡಿದ್ದರು! ರಿಪೇರಿಯಾಯಿತು, ಆಟಗಾರರಿಗೆ ಶಿಕ್ಷೆಯೂ ಆಯಿತು.

ವಿಕ್ಟೋರಿಯಾ ಕಾಲದ ಮಲೆನಾಡು ಹೇಗಿತ್ತೆಂದು ತಿಳಿಯಬಯಸುವ ವಿದ್ಯಾರ್ಥಿಗಳು ಕುಪ್ಪಳಿಗೆ ಹೋಗುವ ಮುನ್ನ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆ ಅದರಲ್ಲಿದೆ.

ಆಷಾಢ, ಶ್ರಾವಣಗಳಲ್ಲಿ ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆಸರುಗದ್ದೆ ಆಟ ನಡೆಸುವ ಪದ್ಧತಿ ಬೆಳೆದಿದೆ. ಸಮತಟ್ಟು ನೆಲವೆಂದರೆ ಗದ್ದೆಯೇ, ಹಾಗಾಗಿ ಗದ್ದೆಯೇ ಕ್ರೀಡಾಂಗಣ. ಓಟ, ಹಗ್ಗಜಗ್ಗಾಟ, ಕಬಡ್ಡಿ, ವಾಲಿಬಾಲ್. ಅಜ್ಜಿಯರಿಗೂ ಒಂದು ಓಟ. ಮೊಣಕಾಲುದ್ದ ಕೆಸರಿನಲ್ಲಿ ಪೇಟೆ ಶಾಲೆಯ ಓಟಗಾರ ನಾಲ್ಕು ಹೆಜ್ಜೆಗೆ ಮುಗ್ಗರಿಸುತ್ತಾನೆ. ಗದ್ದೆ ಕೆಲಸ ಬಲ್ಲ ಹುಡುಗಿ ಸಲೀಸಾಗಿ ದಾಟುತ್ತಾಳೆ. ಕಾರಣ ಸರಳ. ಹೂತ ಪಾದವನ್ನು ನೇರ ಮೇಲಕ್ಕೆ ಎಳೆದರೆ ಅದರಡಿಯಲ್ಲಿ ಒತ್ತಡ ಇಳಿಯುತ್ತದೆ. ಮೇಲಿನಿಂದ ವಾಯುಮಂಡಲ ಒತ್ತಿ ಹಿಡಿಯುತ್ತದೆ. ಹಿಮ್ಮಡಿಯನ್ನು ಮೊದಲು ಎತ್ತಿ ಪಾದವನ್ನು ಓರೆ ಮಾಡಿದರೆ ಗಾಳಿಯೂ ನೀರೂ ಒಳನುಗ್ಗಿ ಹಿಡಿತ ಬಿಡುತ್ತದೆ. ಸೀಳುಗೊರಸಿನ ಎಮ್ಮೆಗೆ ಇದು ಹುಟ್ಟಿನಿಂದಲೇ ಸಿದ್ಧಿ. ಊರುವಾಗ ಗೊರಸು ಅಗಲವಾಗುತ್ತದೆ, ಎತ್ತುವಾಗ ಕಿರಿದಾಗುತ್ತದೆ. ಬೂಟು ಕಟ್ಟಿ ಆಡಿದ ರೇಬರ್ನ್ ಪ್ಲೇಸಿನವರಿಗೆ ಈ ಅನುಕೂಲ ಇರಲಿಲ್ಲ.

ಸಂಜೆ ಬಹುಮಾನವಾಗಿ ಬಾಳೆಗೊನೆಯೋ ತೆಂಗಿನಕಾಯಿಯೋ ಕೈಸೇರುತ್ತದೆ. ಮಕ್ಕಳು ಹಳ್ಳದಲ್ಲಿ ಮೈ ತೊಳೆದು ಮನೆಗೆ ಹೋಗುತ್ತಾರೆ. ಅಷ್ಟು ಜನ ತುಳಿದ ಗದ್ದೆ ಹದವಾಗಿ ಕಲಸಿರುತ್ತದೆ. ಒಡೆಯ ಒಮ್ಮೆ ನೀರು ತಿರುಗಿಸಿ ನಳ್ಳಿ ಹೊಡೆಸಿದರೆ, ಎರಡು ದಿನದಲ್ಲಿ ಅಲ್ಲೇ ನಾಟಿ.